ಗುಬ್ಬಿ ಹೇಳಿದ್ದು ಯಾವ ಗುಂಡಿ?

ಟೇಲರ್ ತಾತನ ಮನೆಗೆ ಹೋದವರಿಗೆ ಮೊದಲು ಕೇಳಿಸೋದು ಹೊಲಿಗೆ ಮೆಷಿನ್ನಿನ ಸದ್ದು. ಆಮೇಲೆ ಕೇಳಿಸೋದು ಒಂದು ವಿಚಿತ್ರ ಭಾಷೆ.

"ತಾತ, ನೂನೂ!"

"ಬಂತಾ ನೂನೂ? ಹಾಗಾದ್ರೆ ಕಿಟಕಿ ಕಚ್ ಮಾಡು, ಕಚ್!"

ಹೊಸಬರು ಕಣ್ಣು ಕಣ್ಣು ಬಿಡಬೇಕು. ನೂನೂ ಅಂದರೆ ನೂಲು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಳೆಯೂ ನೂನೂ, ತಲೆಕೂದಲೂ ನೂನೂ, ಮನೆ ಮುಂದಿನ ದಾರಿಯೂ ನೂನೂ. ಉದ್ದಕ್ಕೆ ಇರೋದೆಲ್ಲ ನೂನೂನೇ. ಕಚ್ ಅಂದರೆ ಕತ್ತರಿ. ಬೇಡ ಅನ್ನೋದಕ್ಕೂ ಕಚ್, ಮುಚ್ಚು ಅನ್ನೋದಕ್ಕೂ ಕಚ್. ಇಸ್ತ್ರಿಪೆಟ್ಟಿಗೆ ಉಫ್, ಬಿಸಿ ಟೀ ಉಫ್, ಜ್ವರ ಬಂದರೂ ಉಫ್. ಇನ್ನು ತೂತು ಕಂಡಿದ್ದೆಲ್ಲ ಕಾಜ. ಅಂಗಿಯಲ್ಲಿ ಗುಂಡಿ ತೂರಿಸೋ ಕಾಜವೂ ಕಾಜ, ಬೀಗದ ತೂತೂ ಕಾಜ, ಇಲಿಯ ಬಿಲವೂ ಕಾಜ.

ಈ ಭಾಷೆ ಆಡೋಳು ತಾತನ ಮೊಮ್ಮಗಳು. ನಾಲ್ಕು ವರ್ಷ ತುಂಬಿದೆ. ಹಿಡಿಯಷ್ಟೇ ಇದ್ದಾಳೆ ಅಂತ ಎಲ್ಲರೂ ಗುಬ್ಬಿ ಅಂತಲೇ ಕರೀತಾರೆ. ಅವಳ ಬಾಯಿಂದ ತಪ್ಪಿಲ್ಲದೆ ಬರೋ ಮಾತು ಎರಡೇ: ಒಂದು 'ತಾತ', ಇನ್ನೊಂದು 'ಗುಂಡಿ'. ಅಂಗಿಗೆ ಹಾಕೋ ಗುಂಡಿ. ತಾತನ ಗುಂಡಿ ಡಬ್ಬಿಯೇ ಅವಳಿಗೆ ಆಟದ ಸಾಮಾನು. ತಾತ ಮೇಲೆ ಕೂತು ಹೊಲೀತಿದ್ದರೆ ಇವಳು ಮೆಷಿನ್ ಕೆಳಗೆ ಕೂತು ಗುಂಡಿ ಸುರಿದುಕೊಳ್ಳೋದು, ತುಂಬೋದು, ಮತ್ತೆ ಸುರಿಯೋದು.

ಎದುರುಗಡೆ ದಿನಸಿ ಅಂಗಡಿಯ ಅಕ್ಕ ಆಗಾಗ ಕಿಚಾಯಿಸ್ತಿದ್ದಳು. "ಟೇಲರ್ ಮಾವ, ನಿಮ್ಮನೆಗೆ ಬರಬೇಕಾದ್ರೆ ಒಬ್ಬ ದುಭಾಷಿನ ಜೊತೆಗೆ ಕರ್ಕೊಂಡು ಬರಬೇಕು ನೋಡಿ."

"ನನಗೆ ಅರ್ಥ ಆಗುತ್ತಲ್ಲಮ್ಮ, ಸಾಕು ಬಿಡು," ಅಂತಿದ್ದ ತಾತ. ಅದನ್ನು ಹೇಳುವಾಗ ಅವನ ಮೀಸೆಯಲ್ಲಿ ಸಣ್ಣ ಹೆಮ್ಮೆ ಇರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಅಜ್ಜ ಅಜ್ಜಿಯರ ವಿಷಯದಲ್ಲಿ ಆ ಗಾದೆಗೆ ಇನ್ನೂ ಸ್ವಲ್ಪ ಉಪ್ಪುಖಾರ ಸೇರಿಸಬೇಕು.

ಶಾಲೆ ಶುರುವಾಗೋ ಕಾಲ ಅದು. ತಾತನಿಗೆ ತಲೆ ಎತ್ತೋಕೂ ಪುರುಸೊತ್ತಿಲ್ಲ. ಪೇಟೆಯ ಖಾಸಗಿ ಸ್ಕೂಲಿನ ಯೂನಿಫಾರಂ ಹೊಲಿಯೋ ಕೆಲಸ ಅವನದೇ. ಬಿಳಿ ಅಂಗಿ, ನೀಲಿ ಚಡ್ಡಿ, ಗೇಣುದ್ದದ ಟೈ. ಅಂಥ ಹೊತ್ತಿಗೆ ಸರಿಯಾಗಿ ಊರ ಬಾಲವಾಡಿ ಟೀಚರ್ ಬಾಗಿಲಲ್ಲಿ ನಿಂತರು.

"ಮಾವ, ಗುಬ್ಬಿಗೆ ನಾಲ್ಕು ತುಂಬ್ತಲ್ಲ. ಹೋದ ವರ್ಷ ನೋಡೋಣ ಅಂದ್ರಿ. ಈ ವರ್ಷನಾದ್ರೂ ಕಳಿಸಿ."

ತಾತ ಮೆಷಿನ್ ನಿಲ್ಲಿಸಲಿಲ್ಲ. "ಕಳಿಸಿದ್ರೆ ಏನು ಕಲಿಸ್ತೀರಮ್ಮ? ನಾನು ಆ ಕಡೆ ಹೋದಾಗೆಲ್ಲ ನೋಡ್ತೀನಿ, ಮಕ್ಕಳು ಆಡ್ತಾನೇ ಇರ್ತವೆ. ಆಡೋಕೆ ನಮ್ಮನೇಲಿ ಜಾಗ ಇಲ್ವಾ?"

"ಆ ವಯಸ್ಸಲ್ಲಿ ಆಟದಲ್ಲೇ ಕಲಿಯೋದು ಮಾವ."

"ಸರಿ ಹೋಯ್ತು! ಹಾಗಾದ್ರೆ ನಾನೂ ಬಟ್ಟೆ ಮುಟ್ಟಿಸದೆ ಹೊಲಿಗೆ ಕಲಿಸಿಬಿಡ್ತೀನಿ."

ಟೀಚರ್ ನಕ್ಕರು. ಅವರಿಗೆ ಇಂಥ ಮಾತು ಹೊಸದಲ್ಲ. ತಾತ ಅಷ್ಟಕ್ಕೇ ಬಿಡಲಿಲ್ಲ. "ಅದೂ ಹೋಗಲಿ. ನಿಮ್ಮಲ್ಲಿ ಕಕ್ಕಸಿನ ಬಾಗಿಲು ಕಿತ್ತುಬಿದ್ದಿದೆ. ಸಹಾಯಕಿ ಬಿಟ್ಟು ಹೋದ ಮೇಲೆ ಇನ್ನೊಬ್ಬರು ಬಂದೇ ಇಲ್ಲ. ನೀವೊಬ್ರೇ ಅಡುಗೆ ಮಾಡ್ತೀರೋ, ಮಕ್ಕಳ ಮೂಗು ಒರೆಸ್ತೀರೋ, ಪಾಠ ಹೇಳ್ತೀರೋ? ಸುಳ್ಳಾ ನಾನು ಹೇಳಿದ್ದು?"

"ಸುಳ್ಳಲ್ಲ ಮಾವ, ನಿಜ," ಅಂದರು ಟೀಚರ್. "ಸಹಾಯಕಿ ಕೊಡಿ ಅಂತ ಆಫೀಸಿಗೆ ಹೋದ್ರೆ ಅವರು ಮಕ್ಕಳೆಲ್ಲಿ ಅಂತಾರೆ. ಮಕ್ಕಳನ್ನ ಕೊಡಿ ಅಂತ ಮನೆಗೆ ಬಂದ್ರೆ ನೀವು ಸಹಾಯಕಿ ಎಲ್ಲಿ ಅಂತೀರಿ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದ ಹಾಗಾಯ್ತು ನನ್ನ ಪಾಡು. ಈ ಸಲವೂ ಮಕ್ಕಳು ಹೆಚ್ಚದೆ ಹೋದ್ರೆ ನಮ್ಮ ಬಾಲವಾಡಿನ ಹೆದ್ದಾರಿ ಆಚೆ ಊರಿಗೆ ಸೇರಿಸ್ತಾರಂತೆ. ಹೇಳಿ ಮಾವ, ಲಾರಿ ಓಡಾಡೋ ಆ ರಸ್ತೆ ದಾಟಿ ಇಷ್ಟಿಷ್ಟು ಮಕ್ಕಳು ಹೋಗ್ತಾವಾ?"

"ಹೋಗೋರು ನೋಡ್ಕೊಳ್ತಾರೆ ಬಿಡಿ. ನಮ್ಮ ಗುಬ್ಬಿ ನೇರವಾಗಿ ಒಂದನೇ ಕ್ಲಾಸಿಗೆ ಹೋಗ್ತಾಳೆ. ಟೈ ಕಟ್ಕೊಂಡು, ಪೇಟೆ ಸ್ಕೂಲಿಗೆ."

ಅಷ್ಟರಲ್ಲಿ ಮೆಷಿನ್ ಕೆಳಗಿಂದ ಒಂದು ಪುಟ್ಟ ಕೈ ಹೊರಗೆ ಬಂತು. ಕೈಯಲ್ಲಿ ಕೆಂಪು ಗುಂಡಿ. "ಗುಂಡಿ," ಅಂದಳು ಗುಬ್ಬಿ.

ಟೀಚರ್ ನೆಲಕ್ಕೇ ಕೂತರು. "ಅಬ್ಬಾ, ಕೆಂಪು ಗುಂಡಿ! ನನಗೇನಾ? ಇದನ್ನ ಎಲ್ಲಿ ಇಟ್ಕೊಳ್ಳಲಿ ಪುಟ್ಟಿ?"

ಗುಬ್ಬಿ ಯೋಚನೆ ಮಾಡಿದಳು. "ಕಾಜ."

"ಯಾವ ಕಾಜ? ಎಲ್ಲಿದೆ ತೋರಿಸು ನೋಡೋಣ."

ಗುಬ್ಬಿ ಕೈ ಎತ್ತೋದರೊಳಗೆ ತಾತನೇ ಹೇಳಿಬಿಟ್ಟ: "ಗುಂಡಿ ಕಾಜದೊಳಗೆ ಹೋಗಬೇಕು ಅಂತ ಹೇಳ್ತಿದ್ದಾಳೆ. ಟೇಲರ್ ಮೊಮ್ಮಗಳು ಅಂದ್ರೆ ಸುಮ್ನೇನಾ?" ಎತ್ತೋಕೆ ಹೋದ ಕೈಯನ್ನು ಗುಬ್ಬಿ ಕೆಳಗಿಳಿಸಿದಳು. ಆ ಮನೆಯಲ್ಲಿ ದಿನವೂ ನಡೆಯುತ್ತಿದ್ದದ್ದು ಇದೇ. ಮಗುವಿನ ಬಾಯಿಗೆ ಮಾತು ಬರೋ ಮುಂಚೆ ತಾತನ ಬಾಯಿಗೆ ಬಂದಿರುತ್ತಿತ್ತು.

ಸಂಜೆ ತಾತನ ಸೊಸೆ, ಗುಬ್ಬಿಯ ಅಮ್ಮ, ಕೆಲಸದಿಂದ ಬಂದಳು. ಊರಾಚೆ ಕೋಳಿ ಫಾರಂನಲ್ಲಿ ಮೊಟ್ಟೆ ಆರಿಸಿ ಟ್ರೇಗೆ ತುಂಬೋ ಕೆಲಸ ಅವಳದು. ಗಂಡ ಲಾರಿ ಡ್ರೈವರ್; ಬಂದಾಗ ಬಂದ, ಹೋದಾಗ ಹೋದ. ಕೈಕಾಲು ತೊಳೆದುಕೊಂಡು ಒಲೆ ಹಚ್ಚುತ್ತಾ ಮಾತು ತೆಗೆದಳು.

"ಟೀಚರ್ ಬಂದಿದ್ರಂತೆ. ಏನಂದ್ರಿ ಮಾವ?"

"ಏನನ್ನೋದು? ಆಗಲ್ಲ ಅಂದೆ. ಅವಳ ಮಾತು ಅಲ್ಲಿ ಯಾರಿಗೆ ಅರ್ಥ ಆಗುತ್ತೆ? ನೀರು ಬೇಕು ಅಂದ್ರೆ ಗೊತ್ತಾಗುತ್ತಾ, ಒಂದಕ್ಕೆ ಹೋಗಬೇಕು ಅಂದ್ರೆ ಗೊತ್ತಾಗುತ್ತಾ?"

"ಅದಕ್ಕೇ ಕಳಿಸಬೇಕು ಅನ್ನೋದು ನಾನು. ಸತ್ಯ ಹೇಳಲಾ ಮಾವ? ಒಂದೊಂದ್ಸಲ ನನಗೇ ಅರ್ಥ ಆಗಲ್ಲ. ಹೆತ್ತ ನಾನು ನಿಮ್ಮನ್ನ ಕೇಳಬೇಕು, ಏನಂತಾಳೆ ಇವಳು ಅಂತ."

ತಾತ ಬಿಚ್ಚಿಬಿದ್ದ ನೂಲನ್ನು ಉಂಡೆಗೆ ಸುತ್ತತೊಡಗಿದ. ಅವನ ಹೊಟ್ಟೆಯಲ್ಲಿದ್ದ ನಿಜವಾದ ಮಾತೇ ಬೇರೆ. ಹೆಂಡತಿ ತೀರಿಕೊಂಡ ಮೇಲೆ ಹಗಲೆಲ್ಲ ಆ ಮನೆಯಲ್ಲಿ ಅವನ ಜೊತೆ ಮಾತಾಡೋ ಜೀವ ಅಂದರೆ ಗುಬ್ಬಿ ಒಂದೇ. ಅವಳೂ ಹೊರಟುಬಿಟ್ಟರೆ ಮೆಷಿನ್ ಸದ್ದು ಬಿಟ್ಟು ಇನ್ನೇನು ಉಳೀತು? ಇನ್ನೊಂದು ಭಯವೂ ಇತ್ತು. ಬೇರೆ ಮಕ್ಕಳು ಗುಬ್ಬಿ ಮಾತು ಕೇಳಿ ಕಿಸಕ್ಕೆಂದರೆ? ಅದನ್ನು ನೆನೆಸಿಕೊಂಡರೆ ಅವನಿಗೆ ಸಂಕಟವಾಗುತ್ತಿತ್ತು. ಇದ್ಯಾವುದನ್ನೂ ಸೊಸೆಗೆ ಹೇಳಲಿಲ್ಲ. "ಬಾಗಿಲಿಲ್ಲದ ಕಕ್ಕಸಿಗೆ ಹೆಣ್ಣುಮಗು ಕಳಿಸೋದಾ?" ಅಂದ. ಅಲ್ಲಿಗೆ ಮಾತು ಮುಗೀತು.

ಹೊಲಿದ ಯೂನಿಫಾರಂ ಎಲ್ಲ ಪೇಟೆಗೆ ಕೊಟ್ಟುಬರೋ ದಿನ ಬಂತು. ತಾತ ಬೆಳಿಗ್ಗೆಯಿಂದ ಅಂಗಿ ಮಡಿಸಿ ಗಂಟು ಕಟ್ಟುತ್ತಿದ್ದ. ಗುಬ್ಬಿ ಬಂದು ಪಂಚೆ ಹಿಡಿದು ಎಳೆದಳು.

"ತಾತ, ಗುಂಡಿ ಕಾಜ."

"ಹೌದಮ್ಮಾ ಜಾಣೆ, ಗುಂಡಿ ಕಾಜಕ್ಕೇ ಹೋಗಬೇಕು."

"ಗುಂಡಿ ಕಾಜ, ಉಫ್!"

"ಉಫ್ ಹತ್ರ ಹೋಗಬಾರದು ಅಂತ ಹೇಳಿಲ್ವಾ? ದೂರ ಹೋಗು, ದೂರ," ಅಂತ ತಾತ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟ. ಗುಬ್ಬಿ ಅಲ್ಲೇ ನಿಂತಳು. ಬಸ್ಸಿನ ಹೊತ್ತಾಗಿತ್ತು. ಅವಳನ್ನು ಎತ್ತಿಕೊಂಡು ಹೋಗಿ ಎದುರಿನ ಅಂಗಡಿಯಕ್ಕನ ಕೈಗೆ ಕೊಟ್ಟು, "ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ ಕಣಮ್ಮ," ಅಂತ ಹೊರಟ.

ಬಸ್ಸು ಯಾವತ್ತು ಯಾರ ಮಾತು ಕೇಳಿದೆ? ವಾಪಸ್ ಬರೋ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಬಸ್ಸಿಂದ ಇಳಿದು ತಮ್ಮ ಬೀದಿಗೆ ತಿರುಗಿದ ತಾತ ಅಲ್ಲೇ ನಿಂತುಬಿಟ್ಟ. ನೀರಿನ ಪೈಪು ಹಾಕೋಕೆ ಅಂತ ಬೀದಿ ನಡುವೆ ಆಳುದ್ದದ ಗುಂಡಿ ತೋಡಿದ್ದರು. ಅದರ ಸುತ್ತ ಅರ್ಧ ಊರು ಬಗ್ಗಿ ನೋಡುತ್ತಿದೆ. ಒಬ್ಬರ ಕೈಯಲ್ಲಿ ಹಗ್ಗ, ಇನ್ನೊಬ್ಬರ ಕೈಯಲ್ಲಿ ಏಣಿ.

"ಏನಾಯ್ತು?" ಅಂತ ಕೇಳಿದ.

"ಮಗು ಗುಂಡಿಗೆ ಬಿದ್ದಿದೆಯಂತೆ," ಅಂದ ಯಾರೋ ಒಬ್ಬ, ತಿರುಗಿಯೂ ನೋಡದೆ.

ತಾತನ ಕೈಲಿದ್ದ ಚೀಲ ಎಲ್ಲಿ ಬಿತ್ತೋ, ಕಾಲಿನ ಚಪ್ಪಲಿ ಎಲ್ಲಿ ಹೋಯ್ತೋ. "ಗುಬ್ಬೀ!" ಅಂತ ಕೂಗಿ, ಏಣಿಗೂ ಕಾಯದೆ ಗುಂಡಿಗೆ ಇಳಿದೇಬಿಟ್ಟ. ಇಳಿದ ಅನ್ನೋದೂ ಮರ್ಯಾದೆಯ ಮಾತು; ಬಿದ್ದ ಅನ್ನಬೇಕು. ಮೊಣಕಾಲಿನ ತನಕ ಕೆಸರು. ಎರಡೂ ಕೈಯಿಂದ ಕೆಸರು ಬಾಚಿ ಬಾಚಿ ಹುಡುಕಿದ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ ಮೇಲಿಂದ ಆಳಿಗೊಂದು ಮಾತು. ಎಡಕ್ಕೆ ನೋಡಿ ಅಂತ ಒಬ್ಬ, ಪೈಪಿನೊಳಗೆ ನೋಡಿ ಅಂತ ಇನ್ನೊಬ್ಬ.

ಆಗ ಅಂಗಡಿಯಕ್ಕ ಓಡಿ ಬಂದಳು. "ಅಯ್ಯೋ ಮಾವ, ನೀವ್ಯಾಕೆ ಇಳಿದ್ರಿ? ಗುಬ್ಬಿ ಅಲ್ಲಿಲ್ಲ! ಬಾಲವಾಡಿ ಟೀಚರ್ ಹತ್ರ ಇದ್ದಾಳೆ!"

"ಮತ್ತೆ ಯಾರು ಬಿದ್ದಿರೋದು?"

"ಅದನ್ನೇ ಹುಡುಕ್ತಿದ್ದೀವಿ! ಮಧ್ಯಾಹ್ನದಿಂದ ಗುಬ್ಬಿ ಅಳ್ತಾನೇ ಇದ್ಲು. ಗುಂಡಿ, ಗುಂಡಿ ಅಂತ ಒಂದೇ ಸಮ. ಮೊದಲು ಅವಳೇ ಬಿದ್ದಳೇನೋ ಅಂತ ಕೈಕಾಲೆಲ್ಲ ನೋಡಿದೆ. ಒಂದು ತರಚಿದ ಗಾಯನೂ ಇಲ್ಲ. ಹಾಗಾದ್ರೆ ಬೇರೆ ಯಾವುದೋ ಮಗು ಬಿದ್ದಿದ್ದನ್ನ ನೋಡಿರಬೇಕು ಅಂತ ಎಲ್ಲರನ್ನೂ ಕರೆದೆ."

ಗುಂಡಿಯೊಳಗೆ ನಿಂತಿದ್ದ ತಾತನಿಗೆ ಗುಂಡಿ ಅನ್ನೋ ಮಾತಿನ ಅರ್ಥ ಆಗ ಹೊಳೆಯಿತು. "ಥೂ ನಿಮ್ಮ! ಅವಳು ಹೇಳೋದು ಅಂಗಿ ಗುಂಡಿ ಕಣಮ್ಮಾ!" ಅಂತ ಕೂಗಿದ. ಮೇಲಿದ್ದವರು ಮುಖ ಮುಖ ನೋಡಿಕೊಂಡರು. ತಾತನನ್ನು ಕೈಹಿಡಿದು ಎಳೆದುಕೊಂಡರು. ಕೆಸರು ಕಾಲಲ್ಲೇ ಅವನು ಬಾಲವಾಡಿಗೆ ಓಡಿದ.

ಬಾಲವಾಡಿಯ ಜಗಲಿಯಲ್ಲಿ ಟೀಚರ್ ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡಿದ್ದರು. ಬೀದಿಯ ಗಲಾಟೆಯಿಂದ ಮಗುವನ್ನು ಈಚೆಗೆ ತಂದು, ಮುಖ ತೊಳೆಸಿ, ನೀರು ಕುಡಿಸಿದ್ದರು. ಅವರಿಗೂ ಗುಬ್ಬಿಯ ಮಾತು ಅರ್ಥವಾಗಿರಲಿಲ್ಲ. ಆದರೆ ಅವರು ಕಿವಿಗೊಟ್ಟು ಕೇಳಿದ್ದರು. ಅಳುವಿನ ನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ಉಫ್. ಎಲ್ಲೋ ನೋವಾಗ್ತಿರಬೇಕು ಅಂತ ಊಹಿಸಿ ಒಂದು ಬಟ್ಟೆ ಗೊಂಬೆಯನ್ನು ಮಗುವಿನ ಮಡಿಲಿಗೆ ಹಾಕಿದ್ದರು.

"ನೋಡು ಪುಟ್ಟಿ, ಪಾಪುನೂ ಅಳ್ತಿದೆ. ಪಾಪುಗೆ ಎಲ್ಲಿ ಉಫ್? ಕಾಲಲ್ಲಾ? ಹೊಟ್ಟೇಲಾ? ನೀನೇ ತೋರಿಸು."

ತಾತ ಬಾಯಿ ತೆರೆಯೋಕೆ ಹೋದ. ಟೀಚರ್ ತಿರುಗದೆಯೇ ಕೈ ಅಡ್ಡ ಹಿಡಿದರು. "ಸ್ವಲ್ಪ ತಾಳಿ ಮಾವ. ಅವಳೇ ಹೇಳಲಿ."

ಗುಬ್ಬಿ ಗೊಂಬೆಯನ್ನು ನೋಡಿದಳು. ಬಿಕ್ಕುತ್ತಲೇ ಬೆರಳು ಎತ್ತಿದಳು. ಆ ಬೆರಳು ಗೊಂಬೆಯ ಕಿವಿಯ ಮೇಲೆ ಬಂದು ನಿಂತಿತು. "ಗುಂಡಿ ಕಾಜ," ಅಂದಳು.

ಟೀಚರ್ ಮೆಲ್ಲಗೆ ಅವಳ ತಲೆ ವಾಲಿಸಿ ಬೆಳಕಿಗೆ ಹಿಡಿದರು. ಬಲಗಿವಿಯ ಒಳಗೆ ಬೆಳ್ಳಗೆ ಏನೋ ಕಂಡಿತು. ಯೂನಿಫಾರಂ ಅಂಗಿಯ ಪುಟ್ಟ ಗುಂಡಿ. ತೂತು ಇದ್ದಿದ್ದೆಲ್ಲ ಕಾಜ, ಕಾಜ ಇದ್ದಲ್ಲಿ ಗುಂಡಿ ಹೋಗಬೇಕು. ತಾತನೇ ಕಲಿಸಿದ ಪಾಠವನ್ನು ಮೊಮ್ಮಗಳು ಒಪ್ಪಿಸಿದ್ದಳು.

ತಾತ ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ದಪ್ಪ ಸೂಜಿ ತೆಗೆದ. "ಹಿಡ್ಕೊಳ್ಳಿ, ಒಂದೇ ಸಲಕ್ಕೆ ಮೀಟಿ ತೆಗೀತೀನಿ."

"ಮಾವ!" ಟೀಚರ್ ಅವನ ಮಣಿಕಟ್ಟು ಹಿಡಿದರು. "ಕಿವಿಗೆ ಏನೂ ಹಾಕಬೇಡಿ. ಸೂಜಿ ಬೇಡ, ಪಿನ್ನು ಬೇಡ, ಎಣ್ಣೆನೂ ಬೇಡ. ಇನ್ನೂ ಒಳಗೆ ಹೋದ್ರೆ ಕಿವಿ ತಮಟೆಗೆ ಪೆಟ್ಟಾಗುತ್ತೆ. ನಡೀರಿ ಆರೋಗ್ಯ ಕೇಂದ್ರಕ್ಕೆ."

ಅಂಗಡಿಯವರ ಸಾಮಾನಿನ ಗಾಡಿಯಲ್ಲೇ ಹೋದರು. ಡಾಕ್ಟರಮ್ಮ ದೀಪ ಹಾಕಿ ನೋಡಿ, ಸಣ್ಣ ಕೊಕ್ಕೆಯಿಂದ ಗುಂಡಿಯನ್ನು ಈಚೆಗೆ ತೆಗೆದರು. ಒಳಗೆ ಕೆಂಪಾಗಿ ಊದಿಕೊಂಡಿತ್ತು. ಔಷಧಿ ಬರೆಯುತ್ತಾ ಕೇಳಿದರು: "ಯಾವಾಗಿಂದ ನೋವು ಅಂತಿದ್ಲು?"

ಬೆಳಿಗ್ಗೆ ಗುಬ್ಬಿ ಪಂಚೆ ಹಿಡಿದು ಎಳೆದಿದ್ದು ತಾತನ ಕಣ್ಣ ಮುಂದೆ ಬಂತು. ಗುಂಡಿ ಕಾಜ, ಉಫ್. ಅವಳಿಗೆ ಬರೋ ಅಷ್ಟೂ ಮಾತನ್ನು ಜೋಡಿಸಿ ಅವಳು ಹೇಳಿದ್ದಳು. ಅದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕಿತ್ತು ಆ ಮಗು? ಕಿವಿ ಅನ್ನೋ ಮಾತನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ನೋವು ಅನ್ನೋ ಮಾತನ್ನೂ ಕೊಟ್ಟಿರಲಿಲ್ಲ.

"ಬೆಳಿಗ್ಗೆನೇ ಹೇಳಿದ್ಲು," ಅಂದ ಕೊನೆಗೆ. "ನಾನು ಜಾಣೆ ಅಂದೆ."

ಡಾಕ್ಟರಮ್ಮ ಬಯ್ಯಲಿಲ್ಲ. ಗುಬ್ಬಿಯ ಮಾತಿನ ವಿಷಯವನ್ನು ಟೀಚರ್ ಬಾಯಿಂದ ಕೇಳಿ, ಎರಡೂ ಕಿವಿ ಪರೀಕ್ಷೆ ಮಾಡಿ ಹೇಳಿದರು: "ಕೇಳಿಸೋದಕ್ಕೇನೂ ತೊಂದರೆ ಇಲ್ಲ. ಮಾತು ತಡ ಆದ ಮಕ್ಕಳಿಗೆ ಮೊದಲು ಕಿವಿ ತೋರಿಸಬೇಕು, ತಾನಾಗೇ ಬರುತ್ತೆ ಬಿಡು ಅಂತ ಕಾಯ್ತಾ ಕೂರಬಾರದು. ನಿಮ್ಮ ಮಗುಗೆ ಬೇಕಾಗಿರೋದು ಮಾತಾಡೋಕೆ ಜೊತೆ. ಓರಗೆಯ ಮಕ್ಕಳು. ಮನೇಲಿ ನೀವು ಅವಳ ಭಾಷೆ ಕಲಿತಿದ್ದೀರಿ. ಅವಳು ನಿಮ್ಮ ಭಾಷೆ ಯಾವಾಗ ಕಲಿಯೋದು?"

ಸಂಜೆ ವಿಷಯ ಕೇಳಿ ಸೊಸೆ ಮಗಳನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಮಾವನ ಮುಖ ನೋಡಿ, ಬಯ್ಯೋಕೆ ಅಂತ ಇಟ್ಟುಕೊಂಡಿದ್ದ ಮಾತನ್ನು ನುಂಗಿಕೊಂಡಳು. ತಾತ ಅವತ್ತು ಊಟ ಮಾಡಲಿಲ್ಲ.

ಮಾರನೇ ದಿನ ಮೆಷಿನ್ನಿಗೆ ಬಟ್ಟೆ ಹೊದಿಸಿ, ಗುಬ್ಬಿಯನ್ನು ಕರೆದುಕೊಂಡು ತಾತ ಬಾಲವಾಡಿಗೆ ಹೋದ. "ಸೇರಿಸೋಕೆ ಬಂದಿಲ್ಲ, ನೋಡೋಕೆ ಬಂದಿದ್ದೀನಿ," ಅಂತ ಬಾಗಿಲಲ್ಲೇ ಹೇಳಿದ. ಹೊಲಿಗೆಯವನ ಬುದ್ಧಿ ಅದು. ಬಟ್ಟೆಯ ಮೇಲ್ಮೈ ನೋಡಿ ಒಪ್ಪೋನಲ್ಲ, ಒಳಗೆ ತಿರುಗಿಸಿ ಹೊಲಿಗೆ ನೋಡಬೇಕು.

"ಧಾರಾಳವಾಗಿ ನೋಡಿ ಮಾವ. ಎಲ್ಲ ತಂದೆತಾಯಿನೂ ಹೀಗೆ ಬಂದು ಕೂತು ನೋಡಿದ್ರೆ ನನಗೆಷ್ಟೋ ಅನುಕೂಲ," ಅಂದರು ಟೀಚರ್.

ಗೋಡೆಗೆ ಒರಗಿ ಕೂತು ನೋಡಿದ. ಬೆರಳೆಣಿಕೆಯಷ್ಟು ಮಕ್ಕಳು. ಒಂದು ಮಗು ಹಳೆ ಪೇಪರ್ ಹರೀತಿದೆ. ಇನ್ನೊಂದು ದಾರಕ್ಕೆ ಮಣಿ ಪೋಣಿಸ್ತಿದೆ. ಇನ್ನೆರಡು ದೊಡ್ಡ ಕಲ್ಲು, ಚಿಕ್ಕ ಕಲ್ಲು ಅಂತ ಬೇರೆ ಮಾಡ್ತಾ ಜಗಳ ಆಡ್ತಿವೆ. ಟೀಚರ್ ಒಂದು ಕಥೆ ಶುರು ಮಾಡಿದರು. ಇಲಿಯ ಬಾಲ ಬಾಗಿಲಿಗೆ ಸಿಕ್ಕಿಕೊಂಡಿತು ಅನ್ನೋ ತನಕ ಹೇಳಿ ನಿಲ್ಲಿಸಿದರು. "ಆಮೇಲೇನಾಯ್ತು?" ಅಂತ ಮಕ್ಕಳನ್ನೇ ಕೇಳಿದರು. ಒಂದು ಮಗು ಬೆಕ್ಕು ಬಂತು ಅಂದಿತು, ಒಂದು ಇಲಿ ಅಮ್ಮ ಬಂದಳು ಅಂದಿತು. ಟೀಚರ್ ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ಗುಬ್ಬಿಯ ಕಡೆ ತಿರುಗಿ ಸುಮ್ಮನೆ ಕಾದರು.

ಗುಬ್ಬಿ ತಾತನ ಮುಖ ನೋಡಿದಳು. ತಾತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಿಜ ಹೇಳಬೇಕೆಂದರೆ, ಅವನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

"ಬಾಲ ಕಚ್," ಅಂದಳು ಗುಬ್ಬಿ.

ಒಬ್ಬ ಹುಡುಗಿ ಕಿಸಕ್ಕೆಂದಳು. ತಾತನ ಮೈ ಬಿಸಿಯಾಯಿತು. ಟೀಚರ್ ಮಾತ್ರ ಕಣ್ಣರಳಿಸಿದರು. "ಓಹೋ! ಬಾಲ ಕತ್ತರಿಸಿ ಹೋಯ್ತಾ? ಪಾಪ, ಇಲಿಗೆ ನೋವಾಯ್ತಲ್ಲ! ಎಲ್ಲಿ ಎಲ್ಲರೂ ಹೇಳಿ, ನೋವು." ಮಕ್ಕಳೆಲ್ಲ ಹೇಳಿದವು. ಗುಬ್ಬಿಯೂ ಬಾಯಿ ಅಲ್ಲಾಡಿಸಿದಳು. ಕಿಸಕ್ಕೆಂದ ಹುಡುಗಿಯೇ ಜರುಗಿ ಗುಬ್ಬಿಗೆ ಪಕ್ಕದಲ್ಲಿ ಜಾಗ ಕೊಟ್ಟಳು.

ಮಕ್ಕಳು ಊಟಕ್ಕೆ ಎದ್ದಾಗ ತಾತ ಟೀಚರ್ ಹತ್ತಿರ ಬಂದ. "ಟೀಚರಮ್ಮ, ಅವತ್ತು ನಿಮಗೊಂದು ಮಾತಂದೆ. ಬಟ್ಟೆ ಮುಟ್ಟಿಸದೆ ಹೊಲಿಗೆ ಕಲಿಸ್ತೀನಿ ಅಂತ."

"ಅಂದ್ರಿ, ನೆನಪಿದೆ."

"ನನ್ನ ಹತ್ರ ಕಲಿಯೋಕೆ ಬಂದವರಿಗೆ ನಾನು ಮೊದಲು ಏನು ಮಾಡಿಸ್ತೀನಿ ಗೊತ್ತಾ? ಪೇಪರ್ ಕತ್ತರಿಸೋದು. ನೂಲಿಲ್ಲದೆ ಮೆಷಿನ್ ತುಳಿಯೋದು. ಗುಂಡಿ ಆರಿಸೋದು. ಕೈ ಪಳಗೋ ತನಕ ಬಟ್ಟೆ ಕೊಡಲ್ಲ. ಮೊದಲ ದಿನವೇ ಬಟ್ಟೆ ಕೊಟ್ರೆ ಬಟ್ಟೆನೂ ಹಾಳು, ಕಲಿಯೋನ ಧೈರ್ಯನೂ ಹಾಳು. ಇಷ್ಟು ವರ್ಷ ಬಟ್ಟೆ ಮುಟ್ಟಿಸದೆಯೇ ಹೊಲಿಗೆ ಕಲಿಸಿದ್ದೀನಿ ನೋಡಿ. ನಿಮಗೆ ಮಾತ್ರ ಬರೀ ಆಡಿಸ್ತೀರಿ ಅಂದೆ."

"ಪರವಾಗಿಲ್ಲ ಬಿಡಿ ಮಾವ."

"ಪರವಾಗಿಲ್ಲ ಅಂತ ಬಿಡೋಕಾಗಲ್ಲ. ಗುಬ್ಬಿನ ಇವತ್ತೇ ಸೇರಿಸ್ಕೊಳ್ಳಿ. ಆದ್ರೆ ಕಕ್ಕಸಿನ ಬಾಗಿಲಿನ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತಗೊಳ್ಳಲ್ಲ. ಅದು ಆಗಲೇಬೇಕು."

"ಆಗಬೇಕು ಅಂತ ನಾನೊಬ್ಬಳೇ ಕೂಗಿದ್ರೆ ಯಾರಿಗೆ ಕೇಳಿಸುತ್ತೆ? ನೀವೂ ಜೊತೆಗೆ ಕೂಗಿ."

ತಾತ ಕೂಗಿದ. ಊರಲ್ಲಿ ಯಾವ ಮನೆಯಲ್ಲಿ ಯಾವ ಅಳತೆಯ ಮಗು ಇದೆ ಅಂತ ಟೇಲರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊರಳಿಗೆ ಟೇಪು ಹಾಕಿಕೊಂಡು ಮನೆ ಮನೆಗೂ ಹೋದ. ಎದುರಾದ ಮಾತೆಲ್ಲ ಒಂದು ಕಾಲದಲ್ಲಿ ಅವನೇ ಆಡಿದ್ದ ಮಾತು.

"ಬರೀ ಆಡಿಸ್ತಾರಲ್ಲ ಮಾವ?"

"ಒಂದು ದಿನ ಹೋಗಿ ಕೂತು ನೋಡು. ಆಮೇಲೆ ಹೇಳು."

"ಪೇಟೆ ಸ್ಕೂಲಲ್ಲಿ ಎ ಬಿ ಸಿ ಡಿ ಬರೆಸ್ತಾರಂತೆ. ಟೈ ಬೇರೆ ಇರುತ್ತಂತೆ."

"ಆ ಟೈ ಹೊಲಿಯೋನು ನಾನೇ ಕಣಪ್ಪ. ಅದರೊಳಗೆ ಬರೀ ಕ್ಯಾನ್ವಾಸ್ ಬಟ್ಟೆ ಇರೋದು, ವಿದ್ಯೆ ಇಲ್ಲ. ಕತ್ತಲಲ್ಲಿ ಎಬ್ಬಿಸಿ ವ್ಯಾನಿಗೆ ತುಂಬ್ತೀಯಲ್ಲ, ಮಗು ಅಲ್ಲಿ ಕಲಿಯೋದಕ್ಕಿಂತ ದಾರೀಲಿ ತೂಕಡಿಸೋದೇ ಹೆಚ್ಚು."

"ಬಾಲವಾಡಿ ಸರಿ ಇಲ್ಲ ಮಾವ, ರಿಪೇರಿ ಆಗಲಿ, ಆಮೇಲೆ ಕಳಿಸ್ತೀವಿ."

"ರಿಪೇರಿ ಆಗೋದು ನಾವು ಕಳಿಸಿದ್ರೆ, ಕಳಿಸಿ ಕೇಳಿದ್ರೆ. ಯಾರೂ ತೊಡದ ಅಂಗಿಗೆ ಯಾವ ಟೇಲರಾದ್ರೂ ತೇಪೆ ಹಾಕ್ತಾನಾ?"

ಬಂದವರು ಬಂದರು, ಬಾರದವರೂ ಇದ್ದರು. ಬಡಗಿ ತನ್ನ ಅವಳಿ ಮಕ್ಕಳನ್ನು ಸೇರಿಸಿದ. ಸೇರಿಸಿದ ವಾರದಲ್ಲೇ ಕಕ್ಕಸಿಗೆ ಬಾಗಿಲು ಕೂರಿಸಿದ, ಚಿಲಕವನ್ನು ಮಕ್ಕಳ ಕೈಗೆ ಎಟಕೋ ಹಾಗೆ ಕೆಳಗಿಟ್ಟ. ಕೋಳಿ ಫಾರಂನಲ್ಲಿ ಸೊಸೆಯ ಜೊತೆ ದುಡಿಯೋ ಹೆಂಗಸರು ತಮ್ಮ ಮಕ್ಕಳನ್ನು ಕರೆತಂದರು. ತಂದೆತಾಯಿಗಳೆಲ್ಲ ಸೇರಿ ಆಫೀಸಿಗೆ ಹೋಗಿ, ಮಕ್ಕಳು ಇಲ್ಲಿದ್ದಾರೆ, ಸಹಾಯಕಿ ಎಲ್ಲಿ ಅಂತ ಕೇಳಿದರು. ಒಂದೇ ಸಲಕ್ಕೆ ಆಗಲಿಲ್ಲ. ಮತ್ತೆ ಹೋದರು, ಮತ್ತೂ ಹೋದರು. ಸಹಾಯಕಿ ಬಂದಳು. ಬಾಲವಾಡಿಯನ್ನು ಹೆದ್ದಾರಿ ಆಚೆಗೆ ಸೇರಿಸೋ ಮಾತು ಅಲ್ಲಿಗೇ ನಿಂತಿತು. ಕಟ್ಟಡದ ಸೂರು ಮಾತ್ರ ಇನ್ನೂ ಒಂದು ಮೂಲೆಯಲ್ಲಿ ಸೋರುತ್ತೆ; ಅದರ ಬೆನ್ನು ಹತ್ತಿದ್ದಾರೆ.

ಹಗಲು ಹೊತ್ತು ತಾತನ ಮನೆ ಈಗ ಖಾಲಿ ಖಾಲಿ. ಮೊದಮೊದಲು ಮೆಷಿನ್ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಬೇಜಾರಾಗುತ್ತಿತ್ತು, ಇಲ್ಲ ಅಂದರೆ ಸುಳ್ಳಾಗುತ್ತೆ. ಗುಂಡಿ ಡಬ್ಬಿಯನ್ನು ಮಾತ್ರ ಮುಚ್ಚಳ ಬಿಗಿದು ಅಟ್ಟಕ್ಕೆ ಏರಿಸಿದ್ದ.

ಒಂದು ಮಧ್ಯಾಹ್ನ ಮೋಡ ಕವಿದು ಹನಿ ಬಿತ್ತು. ಗುಬ್ಬಿ ಬಾಲವಾಡಿಯಿಂದ ಆಗ ತಾನೇ ಬಂದಿದ್ದಳು. ತಾತ ಹಳೇ ಅಭ್ಯಾಸದಲ್ಲಿ ಕೇಳಿದ: "ನೂನೂ ಬಂತಾ ಕಂದಾ?"

"ನೂನೂ ಅಲ್ಲ ತಾತ. ಮಳೆ."

ತಾತನ ಕಾಲು ಮೆಷಿನ್ನಿನ ಮೇಲೆ ನಿಂತುಹೋಯಿತು. ಇಡೀ ಊರಿಗೆ ಅರ್ಥವಾಗೋ ಮಾತು. ಸಂತೋಷವೂ ಆಯಿತು, ಎದೆಯಲ್ಲಿ ಏನೋ ಚುಚ್ಚಿದ ಹಾಗೂ ಆಯಿತು. ಏಳೋಕೆ ಹೋಗಿ, ಬೆಳಿಗ್ಗೆಯಿಂದ ಕೂತ ಸೊಂಟ ಹಿಡಿದುಕೊಂಡು "ಉಸ್ಸಪ್ಪಾ" ಅಂದ.

ಗುಬ್ಬಿ ಓಡಿದಳು. ತಾತ ಚೂರು ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದ ಗೊಂಬೆಯನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. ಟೀಚರ್ ಹಾಗೇ ಎದುರಿಗೆ ಕೂತು, ಟೀಚರ್ ಹಾಗೇ ಕೇಳಿದಳು: "ತಾತ, ನಿಂಗೆ ಎಲ್ಲಿ ನೋವು? ಪಾಪು ಮೇಲೆ ತೋರ್ಸು."

ತಾತ ಗೊಂಬೆಯ ಸೊಂಟ ಮುಟ್ಟಿದ.

"ಬಾಯಲ್ಲಿ ಹೇಳ್ಬೇಕು ತಾತ," ಅಂದಳು ಗುಬ್ಬಿ. "ಹೇಳಿದ್ರೆ ತಾನೇ ಗೊತ್ತಾಗೋದು?"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಕೇಳಿ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಆ ಬಾಯಿಗೆ ಮಾತು ಕೂಡೋದು ಮೂರು, ನಾಲ್ಕು, ಐದನೇ ವಯಸ್ಸಿನಲ್ಲಿ. ಓರಗೆಯ ಮಕ್ಕಳ ನಡುವೆ, ಆಟದಲ್ಲಿ, ಕಥೆಯಲ್ಲಿ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಗು ಇದ್ದರೆ ಊರಿನ ಬಾಲವಾಡಿಗೆ ಸೇರಿಸಿ. ಸೇರಿಸಿ ಸುಮ್ಮನಾಗಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಗೋಡೆಗೆ ಒರಗಿ ಕೂತು ನೋಡಿ. ಟೀಚರ್ ಮಕ್ಕಳ ಜೊತೆ ಮಾತಾಡ್ತಾರಾ, ಮಗು ಉತ್ತರ ಹೇಳೋ ತನಕ ಕಾಯ್ತಾರಾ, ಕೈಗೆ ಆಟದ ಸಾಮಾನು ಸಿಗುತ್ತಾ, ಕುಡಿಯೋ ನೀರು ಚೊಕ್ಕಟವಾಗಿದೆಯಾ, ಕಕ್ಕಸಿಗೆ ಬಾಗಿಲಿದೆಯಾ ನೋಡಿ. ಇಲ್ಲದ್ದನ್ನು ನಾಲ್ಕು ಜನ ಸೇರಿ ಕೇಳಿ. ಸಿಗೋ ತನಕ ಕೇಳಿ. ಮಗು ಬೆಳಿಗ್ಗೆ ನಿಮ್ಮ ಸೆರಗು ಹಿಡಿದು ಎಳೆದರೆ ಒಂದು ಗಳಿಗೆ ಕೆಲಸ ನಿಲ್ಲಿಸಿ. ಅದು ಏನು ಹೇಳ್ತಿದೆ ಅಂತ ನಿಮಗೆ ಆಗಲೇ ಗೊತ್ತು ಅಂದುಕೊಳ್ಳಬೇಡಿ.